ಹಿಂಡಲಗಾದಿಂದ ಮನೆಯವರೆಗೆ

ಜೀವಾವಧಿ ಶಿಕ್ಷೆ ಎಂದರೆ ಹದಿನಾಲ್ಕು ವರ್ಷ ಎಂದು ನಮ್ಮ ಕಡೆ ಬಹುತೇಕರು ನಂಬಿದ್ದಾರೆ. ನಮ್ಮ ಅವ್ವ ಸಾಯುವ ತನಕ ಹಾಗೆಯೇ ನಂಬಿದ್ದಳು. 2008ರಲ್ಲಿ ಒಳಗೆ ಹೋದ ಮಗ 2022ಕ್ಕೆ ಬಂದೇ ಬರುತ್ತಾನೆ, ಬಂದ ವರ್ಷವೇ ಅವನಿಗೊಂದು ಹೆಣ್ಣು ನೋಡಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ಕಾನೂನಿನ ಲೆಕ್ಕ ಬೇರೆ. ಜೀವಾವಧಿ ಎಂದರೆ ಉಸಿರಿರುವ ತನಕ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ, ಗೋಪಾಲ ಗೋಡ್ಸೆಯ ಅರ್ಜಿಯಲ್ಲಿ ಹೇಳಿಬಿಟ್ಟಿದೆ. ಸರ್ಕಾರ ಶಿಕ್ಷೆಯನ್ನು ಮನ್ನಾ ಮಾಡಿದರೆ ಮಾತ್ರ ಬಿಡುಗಡೆ. ಹದಿನಾಲ್ಕರ ಮಾತು ಬಂದದ್ದು 1978ರಲ್ಲಿ, ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಂ ಸೇರಿಸಿದಾಗ. ಮರಣದಂಡನೆಯನ್ನೂ ವಿಧಿಸಬಹುದಾಗಿದ್ದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಆದವನನ್ನು ಹದಿನಾಲ್ಕು ವರ್ಷ ತುಂಬುವ ಮೊದಲು ಬಿಡುವಂತಿಲ್ಲ ಎಂದು ಆ ಕಲಂ ಹೇಳುತ್ತಿತ್ತು, 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನೇ ಹೇಳುತ್ತದೆ. ತುಂಬಿದ ಮೇಲೆ ಬಿಡಲೇಬೇಕು ಎಂದು ಎಲ್ಲಿಯೂ ಹೇಳುವುದಿಲ್ಲ. ಆ ದಿನದಿಂದ ಕಡತವೊಂದು ಹುಟ್ಟಬಹುದು, ಅಷ್ಟೇ. ಆ ಕಡತದ ಹಿಂದೆ ನಾನು ಓಡಾಡಿದ ಕಥೆ ಇದು. ಅದು ಮುಗಿದ ಮೇಲೆ ಶುರುವಾದ ಕಡತವೇ ಇಲ್ಲದ ಕೆಲಸದ ಕಥೆಯೂ ಹೌದು.

ಅಪರಾಧದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮದು ಮಲಪ್ರಭಾ ಕಾಲುವೆಯ ಕೆಳಗಿನ ಎರೆಭೂಮಿಯ ಊರು. ಬದುವಿನ ಜಗಳ. ಬೇಸಿಗೆಯ ಒಂದು ಸಂಜೆ ಹೊಲದಲ್ಲಿಯೇ ಮಾತಿಗೆ ಮಾತು ಬೆಳೆದು ನನ್ನ ತಮ್ಮ ಪಕ್ಕದ ಹೊಲದವರನ್ನು ಹೊಡೆದ. ಅವರು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಅವರಿಗೆ ಹೆಂಡತಿ ಇದ್ದರು, ಇನ್ನೂ ಸರಿಯಾಗಿ ಮಾತು ಬಾರದ ಮಗನಿದ್ದ. ತಮ್ಮನಿಗೆ ಆಗ ಇಪ್ಪತ್ತಾರು. 2010ರಲ್ಲಿ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು, ಧಾರವಾಡದ ಹೈಕೋರ್ಟ್ ಪೀಠ ಅದನ್ನು ಎತ್ತಿಹಿಡಿಯಿತು. ಶಿಕ್ಷೆ ಹೆಚ್ಚಾಯಿತು ಎಂದು ನಾನು ಯಾರ ಮುಂದೆಯೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಹಿಂಡಲಗಾ ಜೈಲು ಬೆಳಗಾವಿಯಿಂದ ವೆಂಗುರ್ಲಾ ಕಡೆಗೆ ಹೋಗುವ ರಸ್ತೆಯಲ್ಲಿದೆ. ಮುಲಾಖತ್‌ಗೆ ಹೋದವರಿಗೆ ಅದು ಹೇಗಿರುತ್ತದೆ ಎಂದು ಗೊತ್ತು. ಜಾಲರಿಯ ಈಚೆ ನಾವು, ಆಚೆ ಅವರು, ಎರಡೂ ಕಡೆ ಎಲ್ಲರೂ ಒಟ್ಟಿಗೆ ಕೂಗಿ ಮಾತನಾಡುವುದು. ಅವ್ವನಿಗೆ ಕಿವಿ ಮಂದವಾದ ಮೇಲೆ ಅವಳು ಸುಮ್ಮನೆ ಮಗನ ಮುಖ ನೋಡಿ ಬರುತ್ತಿದ್ದಳು. 2019ರಲ್ಲಿ ಅವಳು ತೀರಿಕೊಂಡಾಗ ತಮ್ಮ ತುರ್ತು ಪೆರೋಲ್ ಮೇಲೆ ಪೊಲೀಸರ ಜೊತೆ ಬಂದು ಮಣ್ಣು ಹಾಕಿ ಹೋದ. ಮರುವರ್ಷ ಕೊರೋನಾ ಬಂದು ಮುಲಾಖತ್ ನಿಂತೇ ಹೋಯಿತು. ಆಗ ಸುಪ್ರೀಂ ಕೋರ್ಟ್ ಸೂಚನೆಯಂತೆ ಒಂದಷ್ಟು ಬಂದಿಗಳನ್ನು ಮಧ್ಯಂತರವಾಗಿ ಬಿಟ್ಟರು. ಅದು ಹೆಚ್ಚಾಗಿ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಿಗೆ. ಕೊಲೆ ಪ್ರಕರಣದವರಿಗೆ ಫೋನ್ ಕರೆಯೇ ಗತಿಯಾಗಿತ್ತು.

ಹದಿನಾಲ್ಕು ವರ್ಷ ತುಂಬುವುದನ್ನು ಎಣಿಸುವ ವಿಧಾನವನ್ನು ಮನೆಯವರು ಮೊದಲು ತಿಳಿದುಕೊಳ್ಳಬೇಕು. ವಿಚಾರಣಾಧೀನನಾಗಿ ಒಳಗಿದ್ದ ದಿನಗಳು ಲೆಕ್ಕಕ್ಕೆ ಸೇರುತ್ತವೆ. ಸನ್ನಡತೆಗೆ, ಕೆಲಸಕ್ಕೆ ಸಿಗುವ ಮಾಫಿಯ ದಿನಗಳನ್ನು ಈ ಹದಿನಾಲ್ಕರೊಳಗೆ ಹಿಡಿಯುವಂತಿಲ್ಲ. 1980ರಲ್ಲಿ ಮಾರು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಪೆರೋಲ್ ಮೇಲೆ ಹೊರಗಿದ್ದ ದಿನಗಳನ್ನೂ ಕಳೆಯಬೇಕು ಎಂದು 2023ರ ಜನವರಿಯಲ್ಲಿ ಗೋವಾದ ಬಂದಿಗಳ ಪ್ರಕರಣದಲ್ಲಿ ತೀರ್ಪು ಬಂತು. ಹಾಗಾಗಿ ಅವ್ವನ ದಿನಕರ್ಮಕ್ಕೆ ಬಂದು ಹೋದ ದಿನಗಳು, ಅದಕ್ಕೂ ಮೊದಲು ಮನೆ ರಿಪೇರಿಗೆಂದು ಬಂದಿದ್ದ ದಿನಗಳು ಕೊನೆಗೆ ಬಂದು ಸೇರಿಕೊಂಡವು. ಇದನ್ನು ತಮ್ಮನಿಗೆ ಹೇಳಿದಾಗ ಅವನು, "ಅವ್ವನಿಗಾಗಿ ಬಂದ ದಿನಗಳು ತಾನೆ ಅಕ್ಕಾ, ಇರಲಿ" ಎಂದ.

ಅರ್ಜಿ ಬರೆದುಕೊಟ್ಟವರು ವಕೀಲರಲ್ಲ. ಜೈಲಿನೊಳಗೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ತರಬೇತಿ ಪಡೆದ ಬಂದಿಗಳೇ ಅರೆ ಕಾನೂನು ಸ್ವಯಂಸೇವಕರಾಗಿ ಕೆಲಸ ಮಾಡುತ್ತಾರೆ. ಬಿ.ಎ. ಓದಿದ್ದ ಅಂಥ ಒಬ್ಬ ಹಿರಿಯರು ಕರಡು ಬರೆದರು. ಹೊರಗಿನ ಕೆಲಸಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಒಬ್ಬ ವಕೀಲರನ್ನು ಕೊಟ್ಟಿತು. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇದು ಗೊತ್ತಿಲ್ಲದೆ ಹೊಲ ಮಾರಿ ವಕೀಲರಿಗೆ ಕೊಟ್ಟ ಮನೆಗಳನ್ನು ನಾನು ಮುಲಾಖತ್‌ನ ಸಾಲಿನಲ್ಲಿ ನೋಡಿದ್ದೇನೆ. ಈಗ ಅರ್ಜಿಯ ವಿಷಯವೇ ಬದಲಾಗಿದೆ. ಮನ್ನಾ ನೀತಿ ಇರುವ ರಾಜ್ಯಗಳು ಅರ್ಹರಾದವರ ಹೆಸರನ್ನು ಅರ್ಜಿಗೆ ಕಾಯದೆ ತಾವಾಗಿಯೇ ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2025ರ ಫೆಬ್ರವರಿ 18ರಂದು ಹೇಳಿದೆ. ಅರ್ಜಿ ಬರೆಯಲು ಬಾರದವರು, ಬರೆಸಲು ಮನೆಯವರಿಲ್ಲದವರು ಎಷ್ಟು ಮಂದಿ ಒಳಗೇ ಉಳಿದಿದ್ದರು ಎಂದು ಬಲ್ಲವರಿಗೆ ಆ ತೀರ್ಪಿನ ಬೆಲೆ ಗೊತ್ತು.

ಕಡತ ಜೈಲಿನಿಂದ ಹೊರಟ ಮೇಲೆ ಅದಕ್ಕೆ ಹಲವು ಕಡೆಯ ವರದಿಗಳು ಸೇರಬೇಕು. ಜೈಲಿನವರು ಅವನ ನಡತೆ, ಕೆಲಸ, ಪೆರೋಲ್‌ನಿಂದ ಸಮಯಕ್ಕೆ ಮರಳಿದ್ದನೋ ಇಲ್ಲವೋ ಎಂಬುದನ್ನು ಬರೆಯುತ್ತಾರೆ. ಪೊಲೀಸರು ಊರಿನ ಸ್ಥಿತಿ ಹೇಳಬೇಕು. ಪ್ರೊಬೇಷನ್ ಅಧಿಕಾರಿ ಮನೆಗೆ ಬಂದು ನೋಡಬೇಕು. ಶಿಕ್ಷೆ ಕೊಟ್ಟ ನ್ಯಾಯಾಲಯದ ನ್ಯಾಯಾಧೀಶರು ಕಾರಣಸಹಿತ ಅಭಿಪ್ರಾಯ ಕೊಡಬೇಕು. ಇವೆಲ್ಲ ಸಮಿತಿಯ ಮುಂದೆ ಹೋಗಿ, ಅಲ್ಲಿಂದ ಸಚಿವ ಸಂಪುಟಕ್ಕೆ, ಕೊನೆಗೆ ರಾಜ್ಯಪಾಲರ ಅಂಕಿತಕ್ಕೆ. ಎಲ್ಲರೂ ನೋಡಬೇಕಾದ ಅಂಶಗಳು ಯಾವುವು ಎಂದು 2000ದ ಲಕ್ಷ್ಮಣ್ ನಸ್ಕರ್ ತೀರ್ಪು ಹೇಳುತ್ತದೆ: ಅಪರಾಧ ಇಡೀ ಸಮಾಜಕ್ಕೆ ತಟ್ಟುವಂಥದ್ದೇ, ಮತ್ತೆ ಮಾಡುವ ಸಂಭವ ಇದೆಯೇ, ಅಪರಾಧ ಮಾಡುವ ಶಕ್ತಿ ಉಳಿದಿದೆಯೇ, ಇನ್ನೂ ಒಳಗೆ ಇಡುವುದರಿಂದ ಏನಾದರೂ ಸಾಧನೆ ಇದೆಯೇ, ಕುಟುಂಬದ ಸಾಮಾಜಿಕ ಆರ್ಥಿಕ ಸ್ಥಿತಿ ಹೇಗಿದೆ. ವಕೀಲರು ಇದನ್ನು ಓದಿ ಹೇಳಿದಾಗ ನನಗೆ ಕೊನೆಯದೊಂದೇ ನಮ್ಮ ಕೈಯಲ್ಲಿದೆ ಅನ್ನಿಸಿತು.

ಪ್ರೊಬೇಷನ್ ಅಧಿಕಾರಿ ಬಂದದ್ದು ಒಂದು ಶನಿವಾರ, ನಾನು ಶಾಲೆಯಿಂದ ಬಂದ ಮೇಲೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ನಮ್ಮ ಯಜಮಾನರು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್. ಊರಿನ ಮನೆ ಅವ್ವನ ನಂತರ ಬಿದ್ದುಹೋಗಿತ್ತು, ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದೆವು. ಹಾಗಾಗಿ ಬಿಡುಗಡೆಯಾದರೆ ಪಟ್ಟಣದ ನಮ್ಮ ಮನೆಯಲ್ಲಿಯೇ ಇರುತ್ತಾನೆ ಎಂದು ಅರ್ಜಿಯಲ್ಲಿ ಬರೆದಿದ್ದೆವು. ಅಧಿಕಾರಿ ಮಧ್ಯವಯಸ್ಸಿನ ಹೆಣ್ಣುಮಗಳು. ಚಹಾ ಬೇಡ ಎಂದು ನೀರು ಕುಡಿದರು. ಮನೆಯ ಎರಡು ಕೋಣೆ, ಅಡುಗೆಮನೆ, ಪಡಸಾಲೆ ಎಲ್ಲ ನಿಧಾನವಾಗಿ ನೋಡಿದರು. ನಮ್ಮ ಇಬ್ಬರು ಹೆಣ್ಣುಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿದರು. ಆಮೇಲೆ ನೇರವಾಗಿ, "ಅವರು ಬಂದರೆ ಎಲ್ಲಿ ಮಲಗುತ್ತಾರೆ?" ಎಂದರು.

ನಾನು ತಡವರಿಸಿದೆ. ನಮ್ಮ ಅತ್ತೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತಾ ಕುಳಿತಿದ್ದರು. ತಲೆ ಎತ್ತದೆಯೇ, "ಪಡಸಾಲೆಯಲ್ಲಿ ಮಲಗುತ್ತಾನೆ, ನನ್ನ ಮಗನ ಪಕ್ಕದಲ್ಲಿ" ಎಂದರು. ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡರು. ಏನು ಕೆಲಸ ಮಾಡುತ್ತಾನೆ, ಯಾರು ಕೊಡುತ್ತಾರೆ, ಮೊದಲ ಆರು ತಿಂಗಳು ಅವನ ಖರ್ಚು ಯಾರದು ಎಂದೂ ಕೇಳಿದರು. ಇಡೀ ಪ್ರಕ್ರಿಯೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿದವರು ಅವರೊಬ್ಬರೇ. ಅವರಂಥವರ ಕೈಯಲ್ಲಿ ಬಿಡುಗಡೆಯ ನಂತರದ ಆರು ತಿಂಗಳನ್ನೂ ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವರ ಕೆಲಸ ವರದಿ ಕೊಡುವಲ್ಲಿಗೆ ಮುಗಿಯಿತು. ಅವರ ತಪ್ಪೇನೂ ಇಲ್ಲ, ಅವರಿಗೆ ವಹಿಸಿದ್ದು ಅಷ್ಟೇ.

ಪೊಲೀಸ್ ವರದಿಯಲ್ಲಿ ಕಡತ ಸಿಕ್ಕಿಬಿತ್ತು. ಒಂದು ಠಾಣೆಯಲ್ಲಿ ಅದು ತಿಂಗಳುಗಟ್ಟಲೆ ಕುಳಿತಿತು. ಕೊನೆಗೆ ಹೋದ ವರದಿಯಲ್ಲಿ ಇದ್ದದ್ದು ಒಂದೇ ವಾಕ್ಯ: ಬಿಡುಗಡೆ ಮಾಡಿದಲ್ಲಿ ಗ್ರಾಮದಲ್ಲಿ ಶಾಂತಿಭಂಗ ಉಂಟಾಗುವ ಸಂಭವವಿದೆ. ಹಿಂದೆ ಪೆರೋಲ್ ಕೇಳಿದಾಗ ಬರೆದಿದ್ದ ವಾಕ್ಯವೂ ಅಕ್ಷರಶಃ ಇದೇ ಆಗಿತ್ತು. ಊರಿನಲ್ಲಿ ಯಾರನ್ನೂ ವಿಚಾರಿಸಿರಲಿಲ್ಲ. ಅವನು ಊರಿಗೆ ಬರುವುದೇ ಇಲ್ಲ, ಬೇರೆ ಪಟ್ಟಣದಲ್ಲಿ ಇರುತ್ತಾನೆ ಎಂಬುದನ್ನೂ ಗಮನಿಸಿರಲಿಲ್ಲ. ಆ ಸುತ್ತಿನ ಪಟ್ಟಿಯಲ್ಲಿ ಅವನ ಹೆಸರು ಬಿಟ್ಟುಹೋಯಿತು. ಅವನ ಜೊತೆಯ ನಾಲ್ಕಾರು ಮಂದಿ ಹೊರಬಂದರು.

ವಕೀಲರು ಮತ್ತೆ ಪರಿಶೀಲನೆ ಕೋರಿ ಅರ್ಜಿ ಹಾಕೋಣ ಎಂದರು. ಹಾಕಿದೆವು. ಆದರೆ ನನಗೆ ಆ ವಾಕ್ಯ ಕಾಡುತ್ತಿತ್ತು. ಶಾಂತಿ ಯಾರದು? ಅದನ್ನು ಹೇಳುವ ಅಧಿಕಾರ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಒಬ್ಬರಿಗೆ ಮಾತ್ರ, ಸತ್ತವರ ಹೆಂಡತಿಗೆ. ಅವರನ್ನು ಕಾಣದೆ ಹದಿನೈದು ವರ್ಷ ಕಳೆದಿದ್ದೆವು. ಊರಿನ ಹಿರಿಯರೊಬ್ಬರು, "ಒಂದಿಷ್ಟು ಹಣ ಹೊಂದಿಸು ತಂಗಿ, ಮಠದಲ್ಲಿ ಕೂಡಿಸಿ ಮಾತು ಮುಗಿಸೋಣ" ಎಂದಿದ್ದರು. ನಾನು ಒಪ್ಪಲಿಲ್ಲ. ಹಣ ಹಿಡಿದು ಹೋದರೆ ಅವರ ಬಾಯಿಗೆ ಬೀಗ ಹಾಕಲು ಹೋದಂತಾಗುತ್ತದೆ. ಬರಿಗೈಯಲ್ಲಿ ಹೋದೆ.

ಅವರು ಹತ್ತಿ ಬಿಡಿಸಿ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ಗುರುತು ಹಿಡಿದರು. ಬಾ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ. ನಾನು ಕೆಳಗಿನ ಮೆಟ್ಟಿಲಲ್ಲಿ ಕುಳಿತು, "ಅಕ್ಕಾ, ತಮ್ಮನ ಬಿಡುಗಡೆಗೆ ಅರ್ಜಿ ಹಾಕಿದ್ದೇವೆ. ನಿಮಗೆ ಬೇರೆಯವರಿಂದ ತಿಳಿಯಬಾರದು ಎಂದು ಬಂದೆ" ಎಂದೆ.

ಅವರು ಬಹಳ ಹೊತ್ತು ಬೆರಳಿಗೆ ಚುಚ್ಚಿದ್ದ ಹತ್ತಿಕಾಯಿಯ ಸಿಬಿರನ್ನು ತೆಗೆಯುತ್ತಿದ್ದರು. ಆಮೇಲೆ ಹೇಳಿದರು: "ಕ್ಷಮೆ ಕೇಳಲು ಬಂದಿದ್ದರೆ ನನ್ನ ಹತ್ತಿರ ಅದು ಇಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಏನೂ ಕೇಳಿಲ್ಲ. ಅವನು ನಿಮ್ಮ ಅವ್ವನ ಮಣ್ಣಿಗೆ ಬಂದದ್ದು ನನಗೆ ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ಆ ರಾತ್ರಿ ಬಾಗಿಲಿಗೆ ಒನಕೆ ಕೊಟ್ಟು ಮಗನನ್ನು ಮಗ್ಗುಲಲ್ಲಿ ಹಾಕಿಕೊಂಡು ಕುಳಿತಿದ್ದೆ. ಅವನು ಏನೂ ಮಾಡುವುದಿಲ್ಲ ಎಂದು ನನಗೆ ಯಾರು ಹೇಳಬೇಕಿತ್ತು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೆರೋಲ್ ಆದೇಶದ ಪ್ರತಿ ಠಾಣೆಗೆ ಹೋಗುತ್ತದೆ, ನಮ್ಮ ಮನೆಗೆ ಬರುತ್ತದೆ. ಸತ್ತವರ ಮನೆಗೆ ಯಾರೂ ಒಂದು ಮಾತು ತಿಳಿಸಿರಲಿಲ್ಲ. ಬಂದಿಯ ಮನೆಯವಳಾಗಿ ಇದನ್ನು ಬರೆಯುತ್ತಿದ್ದೇನೆ: ಮೊದಲು ಅವರಿಗೆ ತಿಳಿಸಬೇಕು, ಅವರ ಭಯವನ್ನು ಕೇಳಿಸಿಕೊಳ್ಳಬೇಕು. ಅದನ್ನು ಮಾಡದೆ ಬರೆಯುವ ಶಾಂತಿಭಂಗದ ವರದಿಗಳು ಎರಡೂ ಮನೆಗಳಿಗೆ ಅನ್ಯಾಯ ಮಾಡುತ್ತವೆ.

ಅವರ ಮಗ ಆಗ ಪಿಯುಸಿಯಲ್ಲಿದ್ದ. ಅವನ ಓದು ಮುಗಿದು ಒಂದು ದಾರಿ ಹಿಡಿಯುವ ತನಕ ನನ್ನ ತಮ್ಮ ಊರಿನ ಸೀಮೆಯೊಳಗೆ ಕಾಲಿಡಬಾರದು, ಜಾತ್ರೆಗೂ ಬರಬಾರದು ಎಂದರು. ಅದೊಂದು ಮಾತು ಉಳಿಸಿಕೊಂಡರೆ ತಮ್ಮದು ಅಡ್ಡಿಯಿಲ್ಲ ಎಂದು ಪೊಲೀಸರು ಕೇಳಿದರೆ ಹೇಳುವುದಾಗಿಯೂ ಹೇಳಿದರು. ಫೋನ್ ಕರೆಯಲ್ಲಿ ತಮ್ಮನಿಗೆ ಇದನ್ನು ತಿಳಿಸಿದೆ. "ಊರಿಗೆ ಹೋಗಲು ನನಗಾದರೂ ಯಾವ ಮುಖ ಇದೆ ಅಕ್ಕಾ" ಎಂದ. ಎರಡನೆಯ ವಿಚಾರಣೆಗೆ ಬಂದ ಪೊಲೀಸ್ ಅಧಿಕಾರಿ ಖುದ್ದಾಗಿ ಅವರ ಮನೆಗೆ ಹೋಗಿ ಹೇಳಿಕೆ ಪಡೆದರು. ಅವರು ಮಾತಿಗೆ ತಪ್ಪಲಿಲ್ಲ. ಅವರ ಋಣ ನಮ್ಮ ಮನೆಯ ಮೇಲೆ ಎಂದಿಗೂ ಇರುತ್ತದೆ.

2024ರ ಮಳೆಗಾಲದಲ್ಲಿ ಆದೇಶ ಬಂತು. ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕಿತ್ತು, ಜಾಮೀನಿಗೆ ಉತಾರ, ಅಂದರೆ ಹೊಲದ ಪಹಣಿ, ಬೇಕಿತ್ತು. ಯಜಮಾನರ ಗೆಳೆಯರೊಬ್ಬರು ತಮ್ಮ ಹೊಲದ ಉತಾರ ತಂದುಕೊಟ್ಟರು. ಷರತ್ತು ಮುರಿದರೆ ಮನ್ನಾ ರದ್ದಾಗಿ ಉಳಿದ ಶಿಕ್ಷೆ ಅನುಭವಿಸಬೇಕು ಎಂಬುದನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡರು. ಗೇಟಿನ ಹೊರಗೆ ನಾನು, ಯಜಮಾನರು ನಿಂತಿದ್ದೆವು. ಫೋಟೊ, ಹಾರ ಏನೂ ಬೇಡ ಎಂದು ಅವನು ಮೊದಲೇ ಹೇಳಿ ಕಳಿಸಿದ್ದ. ಬಸ್ಸಿನಲ್ಲಿ ಅವನು ಬಹಳ ಹೊತ್ತು ಹೆಂಗಸರನ್ನೇ ಗಮನಿಸುತ್ತಿದ್ದ. ಬಸ್ಸು ತುಂಬ ಅವರೇ ಇದ್ದರು, ಕಂಡಕ್ಟರ್ ದುಡ್ಡು ಪಡೆಯದೆ ಟಿಕೆಟ್ ಹರಿದುಕೊಡುತ್ತಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಾನು ಹಿಂಡಲಗಾಕ್ಕೆ ಬಂದು ಹೋದದ್ದೆಲ್ಲ ಹೀಗೆಯೇ ಎಂದು ವಿವರಿಸಿದೆ. ಮುಲಾಖತ್‌ಗೆ ಬರುವ ಹೆಂಗಸರ ಸಾಲು ಆಮೇಲೆ ಉದ್ದವಾಗಿತ್ತು. ಈ ಯೋಜನೆಯನ್ನು ಟೀಕಿಸುವವರು ಆ ಸಾಲನ್ನು ಒಮ್ಮೆ ನೋಡಬೇಕು.

ಮನೆಗೆ ಬಂದ ಮೇಲಿನ ಮೊದಲ ತಿಂಗಳುಗಳ ಬಗ್ಗೆ ನಮಗೆ ಯಾರೂ ಏನೂ ಹೇಳಿರಲಿಲ್ಲ. ಬ್ಯಾರಕ್‌ನಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ. ಅವನಿಗೆ ಕತ್ತಲಲ್ಲಿ ನಿದ್ರೆ ಬರುತ್ತಿರಲಿಲ್ಲ, ದೀಪವಿದ್ದರೆ ಅವನ ಪಕ್ಕ ಮಲಗಿದ ಯಜಮಾನರಿಗೆ ಬರುತ್ತಿರಲಿಲ್ಲ. ಅಲ್ಲಿ ಬಾಗಿಲು ಹಾಕುವ ಮೊದಲು ಸಂಜೆಯೇ ಊಟ ಮುಗಿಯುತ್ತದೆ. ಇಲ್ಲಿ ನಾವು ಉಣ್ಣುವುದು ಒಂಬತ್ತಕ್ಕೆ, ಅಷ್ಟರಲ್ಲಿ ಅವನ ಹಸಿವು ಬಂದು ಹೋಗಿರುತ್ತಿತ್ತು. ಅತ್ತೆ ತಮ್ಮ ಊಟವನ್ನು ಸಂಜೆಗೆ ಬದಲಿಸಿಕೊಂಡು ಅವನ ಜೊತೆ ಉಣ್ಣತೊಡಗಿದರು. ಸಕ್ಕರೆ ಕಾಯಿಲೆಗೆ ಇದೇ ಒಳ್ಳೆಯದು ಎಂದರು. ಅದು ನೆಪ ಎಂದು ನಮಗೆಲ್ಲ ಗೊತ್ತಿತ್ತು, ಅವನಿಗೂ.

ಎಲ್ಲವೂ ಹೀಗೆ ಹಗುರಾಗಿರಲಿಲ್ಲ. ದೊಡ್ಡ ಮಗಳಿಗೆ ಬಂದಿದ್ದ ಒಂದು ಸಂಬಂಧ, ಮಾವ ಮನೆಯಲ್ಲಿ ಇದ್ದಾನೆ ಎಂದು ತಿಳಿದ ವಾರವೇ ತಪ್ಪಿತು. ಅವನು ಬ್ಯಾಗು ತುಂಬಿಕೊಂಡು ಹೊರಟು ನಿಂತ. ಮಗಳೇ ಅವನ ಬ್ಯಾಗು ಕಸಿದು ಒಳಗಿಟ್ಟು, "ಮಾವಾ, ನಿನ್ನ ಸುದ್ದಿ ಕೇಳಿ ಓಡುವವರ ಮನೆಗೆ ನಾನು ಹೋಗಿ ಮಾಡುವುದೇನು" ಎಂದಳು. ಅವಳ ತಾಯಿಯಾಗಿ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ. ತಮ್ಮ, ಮಗಳು ಇಬ್ಬರೂ ನನ್ನವರೇ. ಕುಟುಂಬದ ಸಾಮಾಜಿಕ ಸ್ಥಿತಿ ಎಂದು ತೀರ್ಪಿನಲ್ಲಿ ಬರೆದಿರುವುದರ ಒಳಗೆ ಇಂಥ ರಾತ್ರಿಗಳೂ ಇವೆ.

ಇನ್ನು ಕಾಗದಪತ್ರ. ಇದನ್ನು ಬಿಡಿಸಿ ಹೇಳುತ್ತೇನೆ, ಬೇರೆಯವರಿಗೆ ಉಪಯೋಗವಾದೀತು. ಅವನು ಒಳಗೆ ಹೋದಾಗ ದೇಶದಲ್ಲಿ ಆಧಾರ್ ಇರಲಿಲ್ಲ. ಅದು ಶುರುವಾದದ್ದು 2010ರಲ್ಲಿ. ಹೊರಗೆ ಬಂದಾಗ ಆಧಾರ್ ಇಲ್ಲದೆ ಒಂದು ಸಿಮ್ ಕಾರ್ಡ್ ಪಡೆಯುವುದೂ ಕಷ್ಟವಾಗಿತ್ತು. ಜೈಲಿನಲ್ಲಿ ದುಡಿದ ಕೂಲಿಯನ್ನು ಚೆಕ್ ಆಗಿ ಕೊಟ್ಟಿದ್ದರು. ಚೆಕ್ ಹಾಕಲು ಬ್ಯಾಂಕ್ ಖಾತೆ ಬೇಕು, ಖಾತೆಗೆ ಗುರುತಿನ ದಾಖಲೆ ಬೇಕು, ಹದಿನೆಂಟು ದಾಟಿದವರ ಹೊಸ ಆಧಾರ್ ನೋಂದಣಿಗೆ ಸರ್ಕಾರಿ ಮಟ್ಟದ ಪರಿಶೀಲನೆ ಆಗಬೇಕು. ಚೆಕ್‌ನ ಆಯುಸ್ಸು ಮೂರೇ ತಿಂಗಳು. ಉಳಿ ಹಿಡಿದು ಸವೆದ ಅವನ ಬೆರಳುಗಳನ್ನು ಯಂತ್ರ ಮೊದಲ ಸಲ ಒಪ್ಪಲಿಲ್ಲ. ನೋಂದಣಿ ಕೇಂದ್ರದ ಹುಡುಗ ಒದ್ದೆ ಬಟ್ಟೆಯಿಂದ ಬೆರಳು ಒರೆಸಿ, ಒಂದೊಂದನ್ನೇ ಒತ್ತಿ ಹಿಡಿದು ತಾಳ್ಮೆಯಿಂದ ಮಾಡಿಕೊಟ್ಟ. ಆಧಾರ್ ಬಂದು ಖಾತೆ ತೆರೆದಾಗ ಚೆಕ್‌ನ ಅವಧಿ ಮುಗಿಯಲು ಕೆಲವೇ ದಿನ ಉಳಿದಿತ್ತು.

ಇಷ್ಟೆಲ್ಲ ಪಡಿಪಾಟಲು ಬೇಕಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ. ಜೈಲಿನ ಅಧಿಕಾರಿ ಸಹಿ, ಮುದ್ರೆ ಹಾಕಿದ ಬಂದಿಯ ಪ್ರವೇಶ ದಾಖಲೆಯನ್ನು ಈಗ ಆಧಾರ್ ನೋಂದಣಿಗೆ ಒಪ್ಪುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಗುರುತಿನ ದಾಖಲೆ ಇಲ್ಲದವರಿಗಾಗಿ ಸಣ್ಣ ಖಾತೆ ಎಂಬುದಿದೆ. ಬಂದಿಯು ಜೈಲಿನ ಅಧಿಕಾರಿಯ ಎದುರೇ ಸಹಿ ಮಾಡಿ ಅದನ್ನು ತೆರೆಯಬಹುದು. ಒಳಗೆ ಹೋಗುವ ಮುಂಚೆ ಯಾವುದಾದರೂ ಖಾತೆ ಇದ್ದರೆ ಅದು ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾಗಿರುತ್ತದೆ, ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗಿರುತ್ತದೆ. ಗಾಬರಿ ಬೇಡ, ಗುರುತು ತೋರಿಸಿ ಅದೇ ಬ್ಯಾಂಕಿನಲ್ಲಿ ಕೇಳಿದರೆ ಮರಳಿ ಸಿಗುತ್ತದೆ. ಪಡಿತರ ಚೀಟಿಯಲ್ಲಿ ಹೆಸರು ತೆಗೆದಿದ್ದರೆ ಮತ್ತೆ ಸೇರಿಸಲು ಆಧಾರ್ ಬೇಕು. ಮತದಾರರ ಪಟ್ಟಿಗೆ ನಮೂನೆ 6 ತುಂಬಬೇಕು. ಜೈಲಿನಲ್ಲಿರುವ ತನಕ ಮತ ಹಾಕುವ ಹಕ್ಕಿರುವುದಿಲ್ಲ, ಬಿಡುಗಡೆಯಾದ ಮೇಲೆ ಅದಕ್ಕೆ ಅಡ್ಡಿಯಿಲ್ಲ. ನಿಮ್ಮ ಮನೆಯವರು ಒಳಗಿದ್ದರೆ, ಹದಿಮೂರನೆಯ ವರ್ಷದಲ್ಲಿಯೇ ಆಧಾರ್, ಖಾತೆ ಎರಡನ್ನೂ ಮಾಡಿಸಿಬಿಡಿ. ಜೈಲಿನ ಕಲ್ಯಾಣಾಧಿಕಾರಿಯನ್ನು ಕೇಳಿ, ಬಾಯಿಮಾತಿನಲ್ಲಿ ಬಿಡದೆ ಲಿಖಿತವಾಗಿ ಕೇಳಿ.

ಕೆಲಸದ ಮಾತಿಗೆ ಬರುತ್ತೇನೆ. ಅವನು ಜೈಲಿನ ಬಡಗಿ ವಿಭಾಗದಲ್ಲಿ ಕಲಿತು ಒಳ್ಳೆಯ ಕೈಯಾಗಿದ್ದ. ಕರ್ನಾಟಕದಲ್ಲಿ ಬಂದಿಗಳ ಕೂಲಿಯನ್ನು ಪರಿಷ್ಕರಿಸಿದ ಮೇಲೆ ಕಲಿಯುವವರಿಗೆ ದಿನಕ್ಕೆ 524 ರೂಪಾಯಿ, ಅರೆಕುಶಲರಿಗೆ 548, ಕುಶಲರಿಗೆ 615, ಅತಿಕುಶಲರಿಗೆ 663 ಎಂದಾಗಿತ್ತು. ಅವನು ಕುಶಲ ವರ್ಗದಲ್ಲಿದ್ದ. ದುಡಿದು ಉಣ್ಣುತ್ತಿದ್ದೇನೆ ಎಂಬ ಗೌರವ ಅವನ ಮಾತಿನಲ್ಲಿ ಬಂದದ್ದೇ ಆಗ. ಹೊರಗೆ ಬಂದ ಮೇಲೆ ಆ ಕೌಶಲ್ಯ ಹೇಳಿಕೊಳ್ಳುವುದೇ ತೊಡಕಾಯಿತು. ಎಲ್ಲಿ ಕಲಿತೆ ಎಂದು ಕೇಳಿದರೆ ಏನು ಹೇಳಬೇಕು? ತರಬೇತಿಯ ಪ್ರಮಾಣಪತ್ರದ ಮೇಲೆ ಜೈಲಿನ ಹೆಸರಿತ್ತು. ಕಾರ್ಖಾನೆಯವರು, ಸೆಕ್ಯೂರಿಟಿ ಏಜೆನ್ಸಿಯವರು ಪೊಲೀಸ್ ಪರಿಶೀಲನಾ ಪತ್ರ ತಾ ಎನ್ನುತ್ತಿದ್ದರು. ಕೊನೆಗೆ ಯಜಮಾನರ ಡಿಪೋದ ಹತ್ತಿರ ಬಾಗಿಲು, ಕಿಟಕಿ ಮಾಡುವ ಸಾಮಿಲ್‌ನವರೊಬ್ಬರ ಬಳಿ ಹೋದಾಗ, ಸುಳ್ಳು ಬೇಡ ಎಂದು ತಮ್ಮನೇ ತೀರ್ಮಾನಿಸಿ ಪ್ರಮಾಣಪತ್ರವನ್ನು ಮೇಜಿನ ಮೇಲೆ ಇಟ್ಟ. ಅವರು ಅದನ್ನು ಓದಿದರು. ಮಡಚಿ ವಾಪಸ್ ಕೊಟ್ಟು, ಒಂದು ಸಾಗವಾನಿ ತುಂಡನ್ನು ಕೈಗಿಟ್ಟು, "ಇದಕ್ಕೊಂದು ಗೂಟಕಿಂಡಿ ತೆಗೆದು ತೋರಿಸು" ಎಂದರು. ಗೂಟಕಿಂಡಿ ಎಂದರೆ ಚೌಕಟ್ಟಿನ ಎರಡು ಕಟ್ಟಿಗೆಗಳನ್ನು ಮೊಳೆಯಿಲ್ಲದೆ ಕೂಡಿಸಲು ತೆಗೆಯುವ ರಂಧ್ರ. ಅವನು ಗುರುತು ಹಾಕಿ, ಉಳಿ ಮಸೆದು, ತೆಗೆದು ತೋರಿಸಿದ. ಅವರು ಬೆರಳು ಹಾಕಿ ಒಳಗಿನ ಗೋಡೆ ನೇರವಾಗಿದೆಯೇ ಎಂದು ಸವರಿ ನೋಡಿ, ಸೋಮವಾರದಿಂದ ಬಾ ಎಂದರು. ಆ ಸಾಮಿಲ್‌ನವರಿಗೆ ನಾನು ಪ್ರತಿ ಸಂಕ್ರಾಂತಿಗೆ ಎಳ್ಳು ಕೊಟ್ಟು ಬರುತ್ತೇನೆ.

ಈಗ ನನ್ನ ಅಭಿಪ್ರಾಯ. ಒಬ್ಬ ಮನುಷ್ಯನನ್ನು ಬಿಡಬಹುದೇ ಎಂದು ನೋಡಲು ರಾಜ್ಯ ಪೊಲೀಸ್ ಠಾಣೆಯಿಂದ ರಾಜಭವನದವರೆಗೆ ಕಡತ ಓಡಿಸುತ್ತದೆ. ಅದು ಬೇಕು, ಬೇಡ ಎನ್ನಲಾರೆ. ಆದರೆ ಬಿಟ್ಟ ಮರುದಿನದಿಂದ ಅವನ ಜವಾಬ್ದಾರಿ ಪೂರ್ತಿ ಮನೆಯವರದು, ಅವರು ಇದ್ದರೆ. ಬಿಡುಗಡೆಯ ನಂತರದ ಆರೈಕೆ ಜೈಲು ಆಡಳಿತದ ಅವಿಭಾಜ್ಯ ಅಂಗವಾಗಿರಬೇಕು ಎಂದು ನ್ಯಾಯಮೂರ್ತಿ ಮುಲ್ಲಾ ಸಮಿತಿ 1983ರಲ್ಲಿಯೇ ವರದಿ ಕೊಟ್ಟಿದೆ. ನಾಲ್ಕು ದಶಕವಾಯಿತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು, ನೂರು ಜನರ ಜಾಗದಲ್ಲಿ ನೂರಮೂವತ್ತೊಂದು ಜನ. ಅವರಲ್ಲಿ ಮುಕ್ಕಾಲು ಪಾಲು ಶಿಕ್ಷೆಯೇ ಆಗದ ವಿಚಾರಣಾಧೀನರು. ಇಷ್ಟು ಜನರನ್ನು ಕಾಯುವುದರಲ್ಲಿಯೇ ಸಿಬ್ಬಂದಿ ಸೋತಿರುತ್ತಾರೆ ಎಂಬುದು ನನಗೆ ಅರ್ಥವಾಗುತ್ತದೆ. ಹಾಗಾಗಿ ದೊಡ್ಡದೇನನ್ನೂ ಕೇಳುತ್ತಿಲ್ಲ. ಬಿಡುಗಡೆಯ ಆದೇಶದ ಜೊತೆ ಆಧಾರ್, ಚಾಲ್ತಿಯಲ್ಲಿರುವ ಖಾತೆ, ಜೈಲಿನ ಹೆಸರಿಲ್ಲದ ಒಂದು ಕೌಶಲ್ಯ ಪ್ರಮಾಣಪತ್ರ ಕೊಡಿ. ಆ ಪ್ರೊಬೇಷನ್ ಅಧಿಕಾರಿಯನ್ನು ತಿಂಗಳಿಗೊಮ್ಮೆ ಮನೆಗೆ ಕಳಿಸಿ. ಸತ್ತವರ ಮನೆಗೂ ಒಮ್ಮೆ ಕಳಿಸಿ.

ತಮ್ಮ ಈಗ ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಸಹಿ ಮಾಡಿ ಬರುತ್ತಾನೆ. ಊರಿಗೆ ಹೋಗಿಲ್ಲ. ಲಾವಣಿಯ ಹಣದಲ್ಲಿ ತನ್ನ ಪಾಲನ್ನು ಆ ಹುಡುಗನ ಓದಿಗೆ ಕೊಡಬೇಕೆಂದು ಹಠ ಹಿಡಿದಿದ್ದ. ನಾನು ಹೋಗಿ ಕೇಳಿದೆ. ಅವರು ಬೇಡ ಎಂದರು. ಅಲ್ಲಿಗೆ ಆ ವಿಷಯ ಬಿಟ್ಟೆವು.

ಅವನ ಬ್ಯಾರಕ್‌ನಲ್ಲಿ ಇದ್ದ ಒಬ್ಬರ ಹೆಸರು ಈ ಸುತ್ತಿನ ಪಟ್ಟಿಯಲ್ಲಿದೆ. ಅವರಿಗೆ ಅರವತ್ತು ದಾಟಿದೆ. ಅವರ ಅಣ್ಣನ ಮಕ್ಕಳು ಬಾದಾಮಿ ಕಡೆಯ ಹಳ್ಳಿಯಲ್ಲಿದ್ದಾರೆ, ಕಾಕಾ ನಮ್ಮ ಮನೆಗೆ ಬರುವುದು ಬೇಡ ಎಂದು ವಿಚಾರಣೆಗೆ ಬಂದವರಿಗೆ ಹೇಳಿ ಕಳಿಸಿದ್ದಾರಂತೆ. ಬರುವ ಭಾನುವಾರ ನಾನು, ತಮ್ಮ ಇಬ್ಬರೂ ಅಲ್ಲಿಗೆ ಹೊರಟಿದ್ದೇವೆ. ಅವರು ಒಪ್ಪದಿದ್ದರೆ ಸಾಮಿಲ್‌ನ ಹಿಂದೆ ಒಂದು ಕೋಣೆ ಖಾಲಿ ಇದೆ, ಬಾಡಿಗೆ ಮಾತನಾಡಿಟ್ಟಿದ್ದೇವೆ. ಅವರ ಆಧಾರ್ ಅರ್ಜಿ ಒಳಗಿನಿಂದಲೇ ಹೋಗಿದೆ.